ಕಿಲೋಮೀಟರಲ್ಲ, ಏರು ನೋಡಿ

ಪ್ರಶ್ನೆ: ಮಲೆನಾಡಿಗೆ ಸೈಕಲ್ ಪ್ರವಾಸ ಹೊರಡುವವರು ದೂರಕ್ಕಿಂತ ಏರಿನ ಲೆಕ್ಕವನ್ನೇ ಮೊದಲು ಹಾಕುವುದೇಕೆ?

ಉತ್ತರ: ಅಕ್ಕಿಮೂಟೆಯನ್ನು ತಳ್ಳುಗಾಡಿಯಲ್ಲಿ ಅಂಗಳ ದಾಟಿಸುವುದು ಸುಲಭ; ಅದನ್ನೇ ಅಟ್ಟಕ್ಕೆ ಹೊತ್ತರೆ ಏದುಸಿರು. ಸೈಕಲ್ಲಿಗೂ ಹಾಗೆಯೇ. ಸಮತಟ್ಟು ರಸ್ತೆಯಲ್ಲಿ ಕಾಲು ಸೆಣಸುವುದು ಹೆಚ್ಚಾಗಿ ಗಾಳಿಯೊಂದಿಗೆ. ಏರಿನಲ್ಲಿ ಸವಾರ, ಸೈಕಲ್, ಗಂಟುಮೂಟೆ ಇಷ್ಟನ್ನೂ ಮೇಲೆತ್ತಬೇಕು.

ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿ.ಮೀ. ಹೆಬ್ರಿಯವರೆಗೆ ಅಷ್ಟೇನೂ ದಣಿವಿಲ್ಲ. ಸೋಮೇಶ್ವರ ದಾಟಿದರೆ ಘಾಟಿಯ 14 ಹೇರ್‌ಪಿನ್ ತಿರುವುಗಳು. ಅತಿ ಹಗುರ ಗಿಯರಿನಲ್ಲೂ ಬೆವರು ಹ್ಯಾಂಡಲ್ ಮೇಲೆ ತೊಟ್ಟಿಕ್ಕುತ್ತದೆ, ವೇಗ ನಡಿಗೆಗಿಂತ ತುಸುವೇ ಹೆಚ್ಚು. ಎಡ ತಿರುವುಗಳಲ್ಲಂತೂ ನಮ್ಮ ಪಾಲಿಗೆ ಬರುವುದು ಒಳಬದಿ, ಅಲ್ಲಿ ಏರು ಇನ್ನೂ ಕಡಿದು. ಆದ್ದರಿಂದ ಹಿಂದಿನ ರಾತ್ರಿ ಹೆಬ್ರಿಯಲ್ಲೇ ತಂಗಿ, ಬಿಸಿಲೇರುವ ಮುನ್ನ, ಕಾಲಲ್ಲಿ ಕಸುವಿರುವಾಗ ಘಾಟಿ ಹತ್ತುವುದು ಒಳ್ಳೆಯದು.