ಗೋಪುರವಿಲ್ಲದ ನೆಲದಲ್ಲಿ ರೇಡಿಯೊ

ವಿಜಯಪುರದಿಂದ ಬಬಲೇಶ್ವರದ ಕಡೆಗೆ ಹೊರಟವರು ಸಾರವಾಡದ ಬಳಿ ನಿಂತು ಸುತ್ತ ನೋಡಿದರೆ, ದಿಗಂತದವರೆಗೂ ಹಬ್ಬಿದ ಎರೆಭೂಮಿಯಲ್ಲಿ ದೃಷ್ಟಿಗೆ ಅಡ್ಡಬರುವ ಬೆಟ್ಟವೊಂದೂ ಕಾಣದು. ಬುರಣಾಪುರದ ಬಳಿ ವಿಮಾನ ನಿಲ್ದಾಣದ ಕೆಲಸ 2021ರಲ್ಲಿ ಮೊದಲಾದಂದಿನಿಂದ ವಿಮಾನದ ಮಾತು ಈ ಸೀಮೆಗೆ ಹೊಸದಲ್ಲ. ಆದರೆ ಕಿರುವಿಮಾನಗಳು ಪರಸ್ಪರ ಮಾತನಾಡುವ ಕ್ರಮವನ್ನು ವಿವರಿಸುವುದಕ್ಕೂ ಈ ಬಯಲೇ ತಕ್ಕ ಸ್ಥಳವೆಂದು ನನಗೆ ತೋರುತ್ತದೆ. ಏಕೆಂದರೆ ಆ ಸಂಭಾಷಣೆಗೆ ಮೀಸಲಾದ 118ರಿಂದ 137 ಮೆಗಾಹರ್ಟ್ಸ್‌ವರೆಗಿನ ತರಂಗಗಳು ಭೂಮಿಯ ವಕ್ರತೆಯನ್ನು ಅನುಸರಿಸಿ ಬಾಗದೆ, ಹೆಚ್ಚುಕಡಮೆ ದೃಷ್ಟಿಯಂತೆಯೇ ನೇರವಾಗಿ ಸಾಗತಕ್ಕವು. ಇಂಥ ಬಯಲಿನ ಮೇಲೆ 1000 ಅಡಿ ಎತ್ತರದಲ್ಲಿರುವ ವಿಮಾನದ ದನಿ ಸುಮಾರು 70 ಕಿಲೋಮೀಟರಿನವರೆಗೆ ನೆಲಕ್ಕೆ ಕೇಳಿಸೀತು; ಎತ್ತರವು ನಾಲ್ಮಡಿಯಾದರೆ ದೂರವು ಇಮ್ಮಡಿಯಾಗುವುದು.

ಕಿರುವಿಮಾನಗಳು ಇಳಿಯುವ ತಾಣಗಳು ಕರ್ನಾಟಕದಲ್ಲಿಯೂ ಉಂಟು. ಬೆಂಗಳೂರಿನ ಜಕ್ಕೂರು ಸರಕಾರದ ವೈಮಾನಿಕ ತರಬೇತಿ ಶಾಲೆಯಿಂದ ಪ್ರಸಿದ್ಧವಾಗಿದೆ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯವರು, ಕೊಪ್ಪಳದ ಬಸಾಪುರದಲ್ಲಿ ಗಣಿ ಉದ್ಯಮದವರು ಖಾಸಗಿಯಾಗಿ ಇಳಿದಾಣಗಳನ್ನು ಕಟ್ಟಿದ್ದಾರೆ. ದೊಡ್ಡ ನಿಲ್ದಾಣಗಳಲ್ಲಿ ಗೋಪುರದ ನಿಯಂತ್ರಕನು ಅಪ್ಪಣೆ ಕೊಡುತ್ತಾನೆ, ಚಾಲಕನು ಪಾಲಿಸುತ್ತಾನೆ. ನಿಯಂತ್ರಕನೇ ಇಲ್ಲದ ಸಣ್ಣ ರನ್‌ವೇಗಳಲ್ಲಾದರೋ, ಅಪ್ಪಣೆಯ ಸ್ಥಾನದಲ್ಲಿ ಕೇವಲ ನಿವೇದನೆಯಿರುತ್ತದೆ. ಇಳಿಯಲು ಬರುವಾತನು ಹತ್ತು ಮೈಲಿಯ ದೂರದಲ್ಲಿಯೇ ಆ ಸ್ಥಳದ ಆವರ್ತನಕ್ಕೆ ರೇಡಿಯೊ ತಿರುಗಿಸಿ, ಮೊದಲು ಸುಮ್ಮನೆ ಕಿವಿಗೊಟ್ಟು, ಯಾರು ಎಲ್ಲಿರುವರೆಂಬ ಚಿತ್ರವನ್ನು ಮನಸ್ಸಿನಲ್ಲಿ ಬರೆದುಕೊಂಡ ಮೇಲೆ, ಊರಿನ ಹೆಸರು, ತನ್ನ ವಿಮಾನದ ಗುರುತು, ಇರುವ ಸ್ಥಾನ, ಮಾಡಲಿರುವ ಕಾರ್ಯ ಇವಿಷ್ಟನ್ನು ಹೇಳಿ, ಊರಿನ ಹೆಸರನ್ನು ಮತ್ತೊಮ್ಮೆ ಉಚ್ಚರಿಸುತ್ತಾನೆ. ಇಳಿಯುವ ಮುನ್ನ ರನ್‌ವೇಯನ್ನು ಬಳಸಿ ಬರುವ ಹಾದಿಯ ಡೌನ್‌ವಿಂಡ್, ಬೇಸ್, ಫೈನಲ್ ಎಂಬ ಒಂದೊಂದು ಹಂತದಲ್ಲಿಯೂ ಇದೇ ಪಾಠ.

ಹೆಸರಿನ ಈ ಪುನರುಕ್ತಿ ವ್ಯರ್ಥವಲ್ಲ. ಅಮೆರಿಕದ ಅನೇಕ ಕಿರುನಿಲ್ದಾಣಗಳು 122.8 ಮೆಗಾಹರ್ಟ್ಸ್ ಒಂದನ್ನೇ ಹಂಚಿಕೊಂಡಿವೆ, ಆಸ್ಟ್ರೇಲಿಯದಲ್ಲಿ 126.7 ಇಂತಹುದೇ. ಮೇಲೆ ಹಾರುವವನಿಗೆ ದೂರದ ಎರಡು ಮೂರು ಊರುಗಳ ಮಾತು ಏಕಕಾಲದಲ್ಲಿ ಕಿವಿಗೆ ಬೀಳುವುದರಿಂದ, ಹೆಸರು ತಪ್ಪಿದ ವಾಕ್ಯವು ಯಾರಿಗೂ ಪ್ರಯೋಜನಕ್ಕೆ ಬಾರದು.

ಸಂಗೀತಪ್ರಿಯರು ಹಳಿಯುವ ಹಳೆಯ ಎ.ಎಂ. ಪದ್ಧತಿಯನ್ನೇ ವಿಮಾನದವರು ಇಂದಿಗೂ ಬಿಡದಿರುವುದು ಹಲವರಿಗೆ ಸೋಜಿಗ. ಎಫ್.ಎಂ. ಪದ್ಧತಿಯಲ್ಲಿ ಇಬ್ಬರು ಒಮ್ಮೆಗೇ ನುಡಿದರೆ ಪ್ರಬಲವಾದುದು ದುರ್ಬಲವಾದುದನ್ನು ಪೂರ್ತಿ ನುಂಗುವುದು, ಎ.ಎಂ.ನಲ್ಲಿ ಎರಡೂ ಬೆರೆತು ಸಿಳ್ಳೆಯಂಥ ಕರ್ಕಶ ದನಿ ಹುಟ್ಟುವುದು. ಕೇಳುಗನಿಗೆ ಅರ್ಥವಾಗದಿದ್ದರೂ ಇನ್ನೊಬ್ಬನು ಇದ್ದಾನೆಂಬುದಂತೂ ತಿಳಿಯುತ್ತದೆ. ಇಲ್ಲಿ ಮಾಧುರ್ಯಕ್ಕಿಂತ ಆ ಅರಿವೇ ಬೆಲೆಯುಳ್ಳದ್ದು.

ನಮ್ಮ ದೇಶದಲ್ಲಿ ಚಾಲಕನಿಗೆ ರೇಡಿಯೊ ದೂರವಾಣಿಯ ಪರೀಕ್ಷೆ ಕಡ್ಡಾಯ. ಬಹುಕಾಲ ದೂರಸಂಪರ್ಕ ಇಲಾಖೆಯ ಕೈಯಲ್ಲಿದ್ದ ಇದನ್ನು 2024ರ ಭಾರತೀಯ ವಾಯುಯಾನ ಅಧಿನಿಯಮವು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ವಹಿಸಿತು.

ಆದರೂ ರೇಡಿಯೊ ಕಣ್ಣಿನ ಕೆಲಸವನ್ನು ಮಾಡಲಾರದು. ಆವರ್ತನದ ಒಂದಂಕಿ ತಪ್ಪಿಸಿದವನು ಎಷ್ಟು ಶುದ್ಧವಾಗಿ ನುಡಿದರೇನು, ಪಕ್ಕದ ವಿಮಾನದವನ ಪಾಲಿಗೆ ಮೂಕನೇ. ಮಾತು ಮುಗಿದ ಮೇಲೂ ಮೈಕಿನ ಗುಂಡಿ ಒತ್ತಿಕೊಂಡೇ ಉಳಿದರೆ ಕೆಡುಕು ಇನ್ನೂ ಹೆಚ್ಚು; ಆ ಒಬ್ಬನ ಎಂಜಿನ್ನಿನ ಗದ್ದಲವೇ ಆವರ್ತನವನ್ನೆಲ್ಲ ಆಕ್ರಮಿಸಿ, ಉಳಿದವರ ಬಾಯಿ ಕಟ್ಟಿಬಿಡುತ್ತದೆ, ಮತ್ತು ಸಂಗತಿಯು ಅವನೊಬ್ಬನಿಗೇ ತಿಳಿಯದು, ಏಕೆಂದರೆ ನುಡಿಯುತ್ತಿರುವ ಯಂತ್ರವು ಅದೇ ಹೊತ್ತಿನಲ್ಲಿ ಆಲಿಸಲಾರದು.