ಹಾಡಿನ ಮೊದಲಕ್ಷರಗಳು: 'ಡೋ ರೇ ಮಿ' ಬಂದ ದಾರಿ

'ಡೋ ರೇ ಮಿ' ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು 1965ರ 'ದಿ ಸೌಂಡ್ ಆಫ್ ಮ್ಯೂಸಿಕ್' ಚಿತ್ರ. ಅಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಇಂಗ್ಲಿಷ್ ಪದದ ನೆಪ ಹೂಡಿ ಮಕ್ಕಳಿಗೆ ಸ್ವರ ಕಲಿಸುತ್ತಾರೆ. ಅದು ತಮಾಷೆಗೆ ಹಚ್ಚಿದ ಅರ್ಥ. ಆ ಅಕ್ಷರಗಳು ಇಂಗ್ಲಿಷಿನವಲ್ಲ. ನಮ್ಮ 'ಸರಿಗಮ'ವೇ ಅಲ್ಲಿಗೆ ಹೋಗಿ 'ಡೋ ರೇ ಮಿ' ಆಯಿತೆಂದು ಹೇಳುವವರೂ ಉಂಟು. ಅದಕ್ಕೂ ಆಧಾರವಿಲ್ಲ. ಅವು ಹುಟ್ಟಿದ್ದು ಸುಮಾರು ಸಾವಿರ ವರ್ಷಗಳ ಹಿಂದೆ, ಇಟಲಿಯಲ್ಲಿ, ಹುಡುಗರಿಗೆ ಹಾಡು ಕಲಿಸುತ್ತಿದ್ದ ಒಬ್ಬ ಸನ್ಯಾಸಿಯಿಂದ. ಅರೆಟ್ಸೊ ಊರಿನ ಗ್ವಿಡೊ ಎಂದೇ ಆತ ಪ್ರಸಿದ್ಧ.

ಬಾಯಿಪಾಠದ ಕಾಲ

ಆಗಿನ ಯುರೋಪಿನ ಕ್ರೈಸ್ತ ಮಠಗಳಲ್ಲಿ ಹಗಲೂ ರಾತ್ರಿಯೂ ನಿಗದಿತ ವೇಳೆಗೆ ಪ್ರಾರ್ಥನೆ ನಡೆಯುತ್ತಿತ್ತು. ಹಬ್ಬಹಬ್ಬಕ್ಕೂ ಬೇರೆ ಬೇರೆ ಹಾಡುಗಳು, ಎಲ್ಲವೂ ಲ್ಯಾಟಿನ್ ಭಾಷೆಯವು. ಇಂದು ನಾವು ಗ್ರೆಗೋರಿಯನ್ ಗಾಯನ ಎಂದು ಕರೆಯುವುದು ಇದನ್ನೇ. ಇಷ್ಟನ್ನೂ ಗಾಯಕರು ಬಾಯಿಪಾಠ ಮಾಡಬೇಕಿತ್ತು. ನಾದವನ್ನು ಬರೆದಿಡಲಾಗದು, ನೆನಪು ಹೋದರೆ ಅದೂ ಹೋಯಿತು ಎಂಬರ್ಥದ ಮಾತನ್ನು 7ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ ನಗರದ ಬಿಷಪ್ ಇಸಿಡೋರ್ ಬರೆದಿದ್ದ.

9ನೇ ಶತಮಾನದ ಹೊತ್ತಿಗೆ ಹಾಡಿನ ಸಾಲಿನ ಮೇಲೆ ಗೀಟು, ಚುಕ್ಕೆ, ಕೊಂಕುಗಳನ್ನು ಬರೆಯುವ ರೂಢಿ ಬಂತು. 'ನ್ಯೂಮ್' ಎಂಬ ಈ ಗುರುತುಗಳು ದನಿ ಏರುತ್ತದೆಯೋ ಇಳಿಯುತ್ತದೆಯೋ ಎಂದು ಹೇಳುತ್ತಿದ್ದವು. ಎಷ್ಟು ಏರಬೇಕೆಂಬುದನ್ನು ಹೇಳುತ್ತಿರಲಿಲ್ಲ. ಹಾಡು ಬಲ್ಲವನಿಗೆ ನೆನಪಿನ ಗಂಟಾಗುತ್ತಿತ್ತೇ ಹೊರತು ಅರಿಯದವನಿಗೆ ದಾರಿಯಾಗುತ್ತಿರಲಿಲ್ಲ. ಹತ್ತು ವರ್ಷ ಕಲಿತರೂ ಗಾಯಕರು ಅರೆಬರೆಯಾಗಿಯೇ ಉಳಿಯುತ್ತಾರೆ, ಗುರುವಿಲ್ಲದೆ ಒಂದು ಹೊಸ ಸಾಲನ್ನೂ ಹಾಡಲಾರರು ಎಂಬುದು ಗ್ವಿಡೊನ ಕೊರಗಾಗಿತ್ತು.

ಹಾಡೇ ಏಣಿ

ಆತ ಎರಡು ಉಪಾಯಗಳನ್ನು ಜೊತೆಗೂಡಿಸಿದ. ಮೊದಲನೆಯದು ಗೆರೆ. ಹಾಳೆಯ ಮೇಲೆ ಅಡ್ಡಗೆರೆಗಳನ್ನೆಳೆದು, ಗುರುತುಗಳನ್ನು ಗೆರೆಯ ಮೇಲೆ ಅಥವಾ ಎರಡು ಗೆರೆಗಳ ನಡುವೆ ಕೂರಿಸಿದ. ಯಾವ ಗೆರೆ ಯಾವ ಸ್ವರವೆಂದು ತಿಳಿಯಲು ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಳದಿ ಬಣ್ಣ. ಗೆರೆಯ ಆರಂಭದಲ್ಲಿ ಅಕ್ಷರ. ಇಂದಿನ ಪಾಶ್ಚಾತ್ಯ ಸ್ವರಲಿಪಿಯ ಆರಂಭದಲ್ಲಿ ಕಾಣುವ 'ಕ್ಲೆಫ್' ಎಂಬ ಸುರುಳಿ ಚಿಹ್ನೆಗಳು ಇಂಥ ಅಕ್ಷರಗಳೇ ಸೊಟ್ಟಗಾದ ರೂಪ.

ಎರಡನೆಯದು ಸ್ನಾನಿಕ ಯೋಹಾನನನ್ನು ಕುರಿತ ಒಂದು ಹಳೆಯ ಸ್ತುತಿ. ಭಕ್ತರು ಕಟ್ಟಿಲ್ಲದ ಕಂಠದಿಂದ ಹಾಡುವಂತಾಗಲಿ ಎಂಬ ಪ್ರಾರ್ಥನೆ ಅದು. ಗ್ವಿಡೊ ಬಳಸಿದ ಧಾಟಿಯಲ್ಲಿ ಅದರ ಒಂದೊಂದು ಪಾದವೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಆರಂಭವಾಗುತ್ತಿತ್ತು. ಆ ಆರು ಪಾದಗಳ ಮೊದಲಕ್ಷರಗಳೇ ಉತ್, ರೇ, ಮಿ, ಫಾ, ಸೋಲ್, ಲಾ. ಈ ಹಾಡು ಬಾಯಿಗೆ ಬಂದ ಹುಡುಗ, ಹೊಸ ಹಾಡಿನಲ್ಲಿ ಯಾವ ಸ್ವರ ಎದುರಾದರೂ ಅದರಿಂದ ಶುರುವಾಗುವ ಪಾದವನ್ನು ನೆನೆದು ದನಿ ಹಿಡಿಯಬಹುದಿತ್ತು. ಕೆಲವು ಹುಡುಗರು ಒಂದು ತಿಂಗಳೊಳಗೆ ಕೇಳರಿಯದ ಹಾಡನ್ನು ನೋಡಿಯೇ ಹಾಡಿದರೆಂದು ಗ್ವಿಡೊ ಬರೆದಿದ್ದಾನೆ. ಹತ್ತು ವರ್ಷದ ಕಲಿಕೆ ಒಂದೆರಡು ವರ್ಷಕ್ಕೆ ಇಳಿಯಿತೆಂಬುದು ಆತನ ಲೆಕ್ಕ.

ಅಸೂಯೆ ಮತ್ತು ಮನ್ನಣೆ

ಇದರಿಂದ ಎಲ್ಲರೂ ಸಂತೋಷಪಟ್ಟರೆ? ಇಲ್ಲ. ಆಡ್ರಿಯಾಟಿಕ್ ಕರಾವಳಿಯ ಪೊಂಪೋಸಾ ಮಠದಲ್ಲಿ ಸಹವಾಸಿಗಳ ಅಸೂಯೆ ತಾಳದೆ ಗ್ವಿಡೊ ಸುಮಾರು 1025ರಲ್ಲಿ ಅರೆಟ್ಸೊ ಸೇರಿದ. ಅಲ್ಲಿನ ಬಿಷಪ್ ಥಿಯೋಡಾಲ್ಡ್ ಆಶ್ರಯ ಕೊಟ್ಟ. ಗೆಳೆಯ ಮೈಕೇಲನಿಗೆ ಬರೆದ ಪತ್ರದಲ್ಲಿ ಗ್ವಿಡೊ ಒಂದು ಕಥೆ ಹೇಳುತ್ತಾನೆ: ಒಡೆಯದ ಗಾಜನ್ನು ಕಂಡುಹಿಡಿದ ಕುಶಲಕರ್ಮಿಗೆ ರೋಮಿನಲ್ಲಿ ಸಿಕ್ಕಿದ್ದು ಬಹುಮಾನವಲ್ಲ, ಮರಣದಂಡನೆ. ತನ್ನ ಪಾಡೂ ಅಂಥದೇ ಎಂಬುದು ಇಂಗಿತ.

ಸುಮಾರು 1028ರಲ್ಲಿ ಪೋಪ್ ಹತ್ತೊಂಬತ್ತನೆಯ ಜಾನ್ ಆತನನ್ನು ರೋಮಿಗೆ ಕರೆಸಿಕೊಂಡರು. ಪುಸ್ತಕ ತಿರುವಿ, ತಾವೆಂದೂ ಕೇಳಿರದ ಒಂದು ಸಾಲನ್ನು ತಾವೇ ಹಾಡುವವರೆಗೆ ಪೋಪ್ ಕುಳಿತಲ್ಲಿಂದ ಏಳಲಿಲ್ಲವಂತೆ! ಆದರೆ ರೋಮಿನ ಬೇಸಿಗೆಯ ಧಗೆಗೆ ಆರೋಗ್ಯ ಕೆಟ್ಟು ಗ್ವಿಡೊ ಹಿಂದಿರುಗಬೇಕಾಯಿತು.

ಹೆಸರುಗಳ ಮುಂದಿನ ಪಯಣ

ಏಳನೆಯ ಸ್ವರಕ್ಕೆ 'ಸಿ' ಎಂಬ ಹೆಸರು ಸೇರಿದ್ದು ಬಹಳ ತಡವಾಗಿ. ಉಚ್ಚಾರಕ್ಕೆ ತೊಡಕಾದ 'ಉತ್' 17ನೇ ಶತಮಾನದ ಇಟಲಿಯಲ್ಲಿ 'ಡೋ' ಆಯಿತು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಸಾರಾ ಗ್ಲೋವರ್ ಎಂಬ ಶಿಕ್ಷಕಿ, 'ಸೋಲ್' ಮತ್ತು 'ಸಿ' ಒಂದೇ ಅಕ್ಷರದಿಂದ ಶುರುವಾಗುತ್ತವೆಂದು, 'ಸಿ'ಯನ್ನು 'ಟಿ' ಮಾಡಿದರು. ಇಂಗ್ಲಿಷಿನ 'ಗ್ಯಾಮಟ್' ಪದವೂ ಇಲ್ಲಿಯದೇ. ಅತಿ ಕೆಳಗಿನ ಸ್ವರಕ್ಕೆ ಗ್ರೀಕ್ ಅಕ್ಷರ 'ಗಾಮಾ' ಹೆಸರಾಗಿತ್ತು. ಅದಕ್ಕೆ 'ಉತ್' ಸೇರಿ ಹುಟ್ಟಿದ ಪದ, ಇಂದು ಯಾವುದೇ ವಿಷಯದ ಪೂರ್ಣ ವ್ಯಾಪ್ತಿಗೆ ಸಲ್ಲುತ್ತದೆ.

ನಮ್ಮ 'ಸರಿಗಮ' ಇದಕ್ಕಿಂತ ಹಳೆಯದು, ಹುಟ್ಟಿದ ಬಗೆಯೂ ಬೇರೆ. ಅದು ಹಾಡಿನ ಸಾಲುಗಳಿಂದಲ್ಲ, ಷಡ್ಜ, ಋಷಭ, ಗಾಂಧಾರ ಮುಂತಾದ ಸ್ವರನಾಮಗಳಿಂದ ಬಂದದ್ದು. ತಮಿಳುನಾಡಿನ ಪುದುಕೋಟೆ ಬಳಿಯ ಕುಡುಮಿಯಾಮಲೈಯಲ್ಲಿ, ಸುಮಾರು 7ನೇ ಶತಮಾನದ್ದೆನ್ನುವ ಶಾಸನವೊಂದರಲ್ಲಿ ಸ್ವರಾಕ್ಷರಗಳನ್ನೇ ಬಂಡೆಯ ಮೇಲೆ ಕೆತ್ತಿದ್ದಾರೆ.

ಕೀಬೋರ್ಡ್ ಕಲಿಯುವ ನಮ್ಮ ವಿದ್ಯಾರ್ಥಿಗಳು 'ಡೋ ಎಂದರೆ ಸ' ಎಂದುಕೊಳ್ಳುವುದುಂಟು. ಇಂಗ್ಲೆಂಡಿನ ಸೋಲ್-ಫಾ ಪದ್ಧತಿಯಲ್ಲಿ ಅದು ಹೆಚ್ಚುಕಡಿಮೆ ಸರಿ. ಅಲ್ಲಿ ಡೋ ನಮ್ಮ ಷಡ್ಜದಂತೆ ಶ್ರುತಿಗೆ ತಕ್ಕಂತೆ ಸ್ಥಾನ ಬದಲಿಸುತ್ತದೆ. ಇಟಲಿ, ಫ್ರಾನ್ಸ್‌ಗಳಲ್ಲಿ ಹಾಗಲ್ಲ, ಡೋ ಎಂದರೆ ಸ್ಥಿರವಾದ ಒಂದೇ ಮನೆ. ಪಾಠ್ಯಪುಸ್ತಕ ಯಾವ ದೇಶದ್ದೆಂದು ನೋಡಿಕೊಳ್ಳುವುದು ಒಳ್ಳೆಯದು.

ಗೆರೆಗಳು ಬಂದ ಮೇಲೆ ಯುರೋಪಿನ ಹಾಡುಗಳು ಗುರುವಿಲ್ಲದೆಯೂ ಊರಿಂದೂರಿಗೆ ಹೋದವು. ಆದರೆ ಹಳೆಯ ನ್ಯೂಮ್‌ಗಳು ಸೂಚಿಸುತ್ತಿದ್ದ ದನಿಯ ನಡುಕ, ಜಾರುಗಳಲ್ಲಿ ಎಷ್ಟೋ ಆ ಗೆರೆಗಳಲ್ಲಿ ನಿಲ್ಲಲಿಲ್ಲ. ನಮ್ಮ ಸಂಗೀತದ ಗಮಕಗಳನ್ನು ಸ್ವರಲಿಪಿ ಇಂದಿಗೂ ಪೂರ್ತಿ ಹಿಡಿದಿಲ್ಲ, ಅವನ್ನು ಗುರುಮುಖದಿಂದಲೇ ಪಡೆಯಬೇಕು. ಗ್ವಿಡೊನ ವಿದ್ಯಾರ್ಥಿಗಳೂ ಅಷ್ಟೆ: ಸಾವಿರ ಹಾಡು ಓದುವ ಮೊದಲು ಆ ಒಂದು ಸ್ತುತಿಯನ್ನು ಗುರುವಿನ ಬಾಯಿಂದ ಕೇಳಿಯೇ ಕಲಿಯುತ್ತಿದ್ದರು.