ಹೆಳವರ ಗಂಟೆಯೂ ಗಡಿಯಾಚೆಯ ನೆಂಟರೂ



ಸುಗ್ಗಿ ಮುಗಿದು ಜೋಳ, ತೊಗರಿ ಮನೆ ಸೇರಿದ ಮೇಲೆ ಬೆಳಗಿನ ಜಾವ ಅಂಗಳದಲ್ಲಿ ಗಂಟೆಯ ಸದ್ದು ಕೇಳಿದರೆ ಹಿರಿಯರು ಕೂಡಲೇ ಹೇಳುತ್ತಿದ್ದರು: "ಹೆಳವರು ಬಂದಾರ, ಬಾಗಿಲು ತೆಗೀರಿ." ಎತ್ತಿನ ಮೇಲೆ ಕುಳಿತು, ಕೈಯಲ್ಲಿ ಗಂಟೆ ಹಿಡಿದು, ಮನೆತನದ ಮೂಲಪುರುಷನಿಂದ ಇಂದಿನ ಮಗುವಿನವರೆಗೆ ಹೆಸರುಗಳನ್ನು ರಾಗವಾಗಿ ಹೇಳುವವರು ಹೆಳವರು. ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ನಮಗೆ ಈ ಕಲೆ ಏಕೆ ಮುಖ್ಯ ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಹೆಳವ ಎಂದರೆ ಕನ್ನಡದಲ್ಲಿ ಕುಂಟ. ಈ ಕುಲದ ಮೊದಲಿಗ ನಡೆಯಲಾರದವನಾಗಿದ್ದ, ಅವನನ್ನು ಎತ್ತಿನ ಮೇಲೆ ಕೂರಿಸಿ ವಂಶಾವಳಿ ಹೇಳುವ ಕಾಯಕ ಕೊಟ್ಟರು ಎಂಬುದು ಅವರ ಕಥೆ. ಯಾವ ಹೆಳವರಿಗೆ ಯಾವ ಊರು, ಯಾವ ಮನೆತನ ಎಂಬುದು ಅವರವರಲ್ಲೇ ಹಂಚಿಕೆಯಾಗಿರುತ್ತದೆ. ಮೂಲ ಊರು ಯಾವುದು, ಬರ ಬಂದೋ ಜಗಳವಾಗಿಯೋ ಅದನ್ನು ಬಿಟ್ಟದ್ದು ಏಕೆ, ಮನೆದೇವರು ಯಾರು, ಬೆಡಗು ಯಾವುದು, ಅಣ್ಣತಮ್ಮಂದಿರು ಎಲ್ಲೆಲ್ಲಿ ಹೋಗಿ ನೆಲೆಸಿದರು ಎಂಬುದನ್ನೆಲ್ಲ ಸಾಲಾಗಿ ಹೇಳುತ್ತಾರೆ. ಹಿಂದಿನ ಬಾರಿ ಬಂದು ಹೋದ ಮೇಲೆ ಹುಟ್ಟಿದವರ ಹೆಸರು ಕೇಳಿ ಸೇರಿಸಿಕೊಳ್ಳುತ್ತಾರೆ. ಬಾಯಿಪಾಠದ ಜತೆಗೆ ಹಳೆಯ ಹೊತ್ತಿಗೆಗಳನ್ನೂ ಕಾಪಾಡಿಕೊಂಡು ಬಂದವರಿದ್ದಾರೆ. ಮನೆಯವರು ಕಾಳು, ಬಟ್ಟೆ, ಹಣ ಕೊಡುತ್ತಾರೆ. ಅನುಕೂಲಸ್ಥರು ದನವನ್ನೂ ಕೊಡುವುದುಂಟು.

ಈಗ ನಮ್ಮ ಊರುಗಳ ವಿಷಯಕ್ಕೆ ಬರೋಣ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ್ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಇವು ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣ. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ವೃತ್ತ ಮಾತ್ರ ಈ ಕಡೆ ಬರದೆ ಕನ್ನಡ ರಾಜ್ಯದಲ್ಲೇ ಉಳಿಯಿತು. ಹೀಗೆ ಒಂದೇ ತಾಲ್ಲೂಕಿನ ಊರುಗಳು ಎರಡು ರಾಜ್ಯಗಳ ಪಾಲಾದವು. ಅಣ್ಣನ ಹೊಲದ ಪಹಣಿ ಒಂದು ಭಾಷೆಯಲ್ಲಿ, ತಮ್ಮನದು ಇನ್ನೊಂದರಲ್ಲಿ, ಅಜ್ಜನ ಕಾಲದ ಕಾಗದ ಉರ್ದುವಿನಲ್ಲಿ. ಮೂರನ್ನೂ ಓದಬಲ್ಲವರು ಇಂದು ಎಷ್ಟು ಮನೆಯಲ್ಲಿದ್ದಾರೆ? ಹೆಳವರ ಹೇಳಿಕೆಯಲ್ಲಾದರೋ ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ಬರುತ್ತಾರೆ.

ತೆಲುಗಿನಲ್ಲಿಯೂ ಇದೇ ಕಾಯಕದವರಿದ್ದಾರೆ. ಅವರನ್ನು ಪಿಚ್ಚಿಗುಂಟ್ಲ ಎನ್ನುತ್ತಿದ್ದರು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಹೆಳವ ಎಂಬುದು ಇವರ ಇನ್ನೊಂದು ಹೆಸರೆಂದೇ ದಾಖಲಾಗಿದೆ. ಹಳೆಯ ಹೆಸರಿನಲ್ಲಿ ಹೀಯಾಳಿಕೆಯ ಧ್ವನಿ ಇರುವುದರಿಂದ ಸರಕಾರಿ ಪಟ್ಟಿಯಲ್ಲಿ ಅವರೀಗ ವಂಶರಾಜ್. ನಾವೂ ಹಾಗೆಯೇ ಕರೆಯುವುದು ಒಳ್ಳೆಯದು.

ಇಂಥ ಕಾಯಕ ದೂರದ ಪಶ್ಚಿಮ ಆಫ್ರಿಕಾದಲ್ಲಿಯೂ ಇದೆ. ಮಾಲಿ, ಗಿನಿ, ಸೆನೆಗಲ್, ಗ್ಯಾಂಬಿಯಾ ದೇಶಗಳಲ್ಲಿ ಹರಡಿರುವ ಮಾಂಡಿಂಗ್ ಜನರಲ್ಲಿ ವಂಶದ ಕಥೆ ಹೇಳುವವರನ್ನು ಜೆಲಿ ಎನ್ನುತ್ತಾರೆ. ಇದು ತಂದೆಯಿಂದ ಮಕ್ಕಳಿಗೆ ಬರುವ ವಿದ್ಯೆ. ಕುಯಾಟೆ, ಜಬಾಟೆ ಮನೆತನಗಳು ಇದಕ್ಕೆ ಹೆಸರಾದವು. ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿದ, 21 ತಂತಿಗಳ ಕೋರಾ ಎಂಬ ವಾದ್ಯವನ್ನೋ, ಮರದ ಪಟ್ಟಿಗಳ ಬಾಲಾಫೋನನ್ನೋ ನುಡಿಸುತ್ತ ಅವರು ಹಾಡುತ್ತಾರೆ. 13ನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾಟನ ಕಥೆ ಉಳಿದು ಬಂದದ್ದು ಮುಖ್ಯವಾಗಿ ಇವರ ಬಾಯಲ್ಲಿ. ಗಿನಿಯ ಜೆಲಿಯೊಬ್ಬರಿಂದ ಕೇಳಿದ ಈ ಕಥೆಯನ್ನು ಇತಿಹಾಸಕಾರ ಜಿಬ್ರಿಲ್ ತಂಸಿರ್ ನಿಯಾನೆ 1960ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಫ್ರೆಂಚರು, ಇಂಗ್ಲಿಷರು ಎಳೆದ ಗಡಿಗಳು ಆ ಜನರನ್ನು ಹಲವು ದೇಶಗಳಿಗೆ ಹಂಚಿದವು; ಕಥೆ ಮಾತ್ರ ಒಂದೇ ಆಗಿ ಉಳಿಯಿತು.

ಅವರಲ್ಲಿ ವಂಶಾವಳಿ, ವಾದ್ಯ, ಕುಣಿತ ಒಂದೇ ಕಡೆ ಸೇರುತ್ತವೆ. ನಮ್ಮಲ್ಲಿ ಕೆಲಸ ಹಂಚಿಕೆಯಾಗಿದೆ. ಮನೆತನದ ಕಥೆ ಹೆಳವರದು. ದೇವರ ಮತ್ತು ಕುಲದ ಕಥೆ ಡೊಳ್ಳಿನವರದು. ಕುರುಬರು ಬೀರಪ್ಪ, ಮೈಲಾರ ಮಲ್ಲಣ್ಣರ ಕಥೆಗಳನ್ನು ಡೊಳ್ಳು ಬಡಿದು ಹಾಡಿ ಕುಣಿದರೆ, ತೆಲಂಗಾಣದ ಕುರುಮರು ಅದೇ ಬೀರಪ್ಪ, ಮಲ್ಲಣ್ಣರನ್ನು ಒಗ್ಗು ಕಥೆಯಲ್ಲಿ ಹಾಡುತ್ತಾರೆ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯಲ್ಲಿ ಒಂದು ಭಾಷೆ, ಕೊಮುರವೆಲ್ಲಿಯಲ್ಲಿ ಇನ್ನೊಂದು, ದೇವರು ಒಬ್ಬನೇ.

ಹೆಳವರು ಹೇಳಿದ್ದೆಲ್ಲ ಕೋರ್ಟಿನ ಸಾಕ್ಷಿ ಎಂದಲ್ಲ. ಕಾಳು ಕೊಡುವ ಮನೆಯನ್ನು ಹೊಗಳುವುದು ಆ ಕಾಯಕದಲ್ಲೇ ಇದೆ. ಎಣಿಕೆ ಹೆಚ್ಚಾಗಿ ಗಂಡುಸಂತಾನದ್ದು. ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುತ್ತದೆ. ಹಾಗಾಗಿ ಮನೆಯ ಅಜ್ಜಿಯನ್ನೂ ಜತೆಗೆ ಕೂರಿಸಿಕೊಳ್ಳಿ. ಕೊಟ್ಟ ಹೆಣ್ಣು, ತಂದ ಹೆಣ್ಣು ಯಾವ ಊರಿನವರು ಎಂಬುದು ಅವರಿಗೆ ಗೊತ್ತಿರುತ್ತದೆ.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಹೆಳವರು ಬಂದರೆ ಹತ್ತು ರೂಪಾಯಿ ಕೊಟ್ಟು ಬಾಗಿಲಿಂದಲೇ ಕಳಿಸಬೇಡಿ. ಕೂರಿಸಿ, ಚಹಾ ಕೊಡಿ, ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಕೇಳಿದ ದಿನ, ಊರು, ಹೇಳಿದವರ ಹೆಸರು ಬರೆದಿಡಿ. ಮನೆಯಲ್ಲಿರುವ ಹಳೆಯ ಕಾಗದಗಳೊಂದಿಗೆ ಹೋಲಿಸಿ ನೋಡಿ. ಅವರಿಗೆ ಸಲ್ಲಬೇಕಾದ ಕಾಣಿಕೆಯನ್ನು ಮರೆಯದೆ ಸಲ್ಲಿಸಿ. ಅವರ ಮಕ್ಕಳು ಬೇರೆ ಕೆಲಸ ಹಿಡಿದು ಪಟ್ಟಣ ಸೇರುತ್ತಿದ್ದಾರೆ, ಅದು ತಪ್ಪಲ್ಲ. ಆದರೆ ಮುಂದೆ ನಮ್ಮ ಮಕ್ಕಳು "ನಮ್ಮ ಮೂಲ ಊರು ಯಾವುದು, ಗಡಿಯಾಚೆ ನಮ್ಮವರು ಯಾರಿದ್ದಾರೆ" ಎಂದು ಕೇಳಿದಾಗ ಉತ್ತರ ನಮ್ಮ ಮನೆಯಲ್ಲಿ ಇರಬೇಕು.